ಪಿಕಪ್ಪಿನ ಒಳಗೆ ಪುನರ್ವಸು ಮಳೆ

ನಮ್ಮ ಪಿಕಪ್ಪಿನ ಡ್ರೈವರ್ ಕಾಲಡಿಯಲ್ಲಿ ಆರಿದ್ರಾ ಮಳೆಗೇ ಪಸೆ ಕಾಣಿಸಿತ್ತು. ಪುನರ್ವಸು ಹಿಡಿದ ಮೇಲೆ ಕ್ಲಚ್ ತುಳಿದರೆ ಮ್ಯಾಟು ಪಚಕ್ ಅನ್ನತೊಡಗಿತು. ತೀರ್ಥಹಳ್ಳಿ ಕಡೆಯವರಿಗೆ ಮಳೆ ಹೊಸದಲ್ಲ. ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗಿಂತ ಜಾಸ್ತಿ ಬೀಳುತ್ತದೆ. ಬೀಳಲಿ, ಆದರೆ ಗಾಡಿಯ ಹೊರಗೆ ಬೀಳಲಿ ಅಲ್ವಾ?

ಗ್ಯಾರೇಜಿನವರು ಒಂದೇ ನೋಟಕ್ಕೆ "ಮುಂದಿನ ಗಾಜಿನ ರಬ್ಬರ್ ಹೋಗಿದೆ ಗೌಡ್ರೇ" ಎಂದು ಗಾಜಿನ ಸುತ್ತ ಸಿಲಿಕೋನ್ ಬಳಿದು ಕಳಿಸಿದರು. ಮನೆ ಮುಟ್ಟುವಷ್ಟರಲ್ಲಿ ಮತ್ತೆ ಪಚಕ್. ಈ ಸಿಲಿಕೋನ್ ಕಂಡರೆ ನನಗೆ ಆಗಲ್ಲ. ಹುಳಿ ವಾಸನೆ ಹೊಡೆಯುತ್ತದಲ್ಲ, ಆ ಬಾತ್‌ರೂಮಿನ ಸಿಲಿಕೋನ್, ಅದು ಗಟ್ಟಿಯಾಗುವಾಗ ಆಸಿಡ್ ಬಿಡುತ್ತದೆ. ತಗಡಿಗೆ ತುಕ್ಕು ಹಿಡಿಯಲು ಅಷ್ಟು ಸಾಕು. ಅದರ ಮೇಲೆ ಆಮೇಲೆ ಪೇಂಟೂ ಕೂರಲ್ಲ, ಬೇರೆ ಅಂಟೂ ಕೂರಲ್ಲ.

ಹಂಚಿನ ಮನೆಯಲ್ಲಿ ಬೆಳೆದವರಿಗೆ ಸೋರುವುದು ಹೇಗೆ ಅಂತ ಗೊತ್ತಿರುತ್ತದೆ. ಹನಿ ಬೀಳುವುದು ನಡುಮನೆಯಲ್ಲಿ, ಒಡೆದ ಹಂಚು ಇರುವುದು ಎಲ್ಲೋ ಮೇಲೆ. ನೀರು ಹಂಚಿನ ಕೆಳಗಿನ ಮರದ ಪಕಾಸಿ ಹಿಡಿದು ಇಳಿದು ಬಂದಿರುತ್ತದೆ. ಗಾಡಿಯಲ್ಲೂ ಇದೇ ಕಥೆ, ಪಕಾಸಿ ಬದಲು ವೈರಿನ ಕಟ್ಟು.

ಎಸಿ ಇರುವ ಗಾಡಿಯವರು ಒಂದು ಮಾತು ಮೊದಲೇ ನೋಡಿಕೊಳ್ಳಿ. ಬಿಸಿಲಲ್ಲಿ ಎಸಿ ಹಾಕಿ ಓಡಿಸಿದಾಗಲೂ ನೆಲ ನೆನೆದರೆ ಅದು ಮಳೆ ನೀರಲ್ಲ. ಎಸಿ ನೀರು ಹೊರಹೋಗುವ ಪೈಪು ಕಟ್ಟಿರುತ್ತದೆ. ನಮ್ಮದಕ್ಕೆ ಎಸಿಯೇ ಇಲ್ಲ, ಆ ತಲೆನೋವು ತಪ್ಪಿತು.

ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಶೆಡ್ಡು ಮಳೆಗಾಲದಲ್ಲಿ ಹೇಗೂ ಖಾಲಿ. ಗಾಡಿಯನ್ನು ಅದರೊಳಗೆ ನಿಲ್ಲಿಸಿ ಸೀಟು ಬಿಚ್ಚಿದೆ, ಮ್ಯಾಟು ಎತ್ತಿದೆ. ಮ್ಯಾಟಿನ ಕೆಳಗಿನ ಸ್ಪಂಜನ್ನು ಹಿಂಡಿದರೆ ಕಾಫಿ ಬಣ್ಣದ ನೀರು, ಜೊತೆಗೆ ಸತ್ತ ಇಲಿಯ ನಾತ. ಅದನ್ನು ಎಸೆದೇಬಿಟ್ಟೆ. ಒಳಗಿನ ತಗಡನ್ನೆಲ್ಲ ಒರೆಸಿ ಒಣಗಿಸಿ, ಮುಖಕ್ಕೆ ಹಚ್ಚುವ ಪೌಡರನ್ನು ಮೂಲೆ ಮೂಲೆಗೆ ತೆಳ್ಳಗೆ ಉದುರಿಸಿದೆ. ನೀರು ಹರಿದ ಕಡೆ ಪೌಡರಿನಲ್ಲಿ ಗೆರೆ ಬೀಳುತ್ತದೆ, ಆ ಗೆರೆ ಹಿಡಿದು ಮೇಲಕ್ಕೆ ಹೋದರಾಯಿತು. ಮನೆಯವಳು ಖಾಲಿ ಡಬ್ಬ ನೋಡಿ ಏನೂ ಹೇಳಲಿಲ್ಲ, ಸುಮ್ನೆ ನೋಡಿದಳು ಅಷ್ಟೆ.

ಅಣ್ಣನ ಮಗ ಟಾರ್ಚ್ ಹಿಡಿದು ಒಳಗೆ ಕೂತ. ನಾನು ಹೊರಗಿಂದ ಪೈಪಿನಲ್ಲಿ ನೀರು ಬಿಟ್ಟೆ. ರಭಸವಾಗಿ ಹೊಡೆಯಬಾರದು, ಮಳೆಯ ಹಾಗೆ ಸುರಿಯಬೇಕು. ಶುರು ಕೆಳಗಿನಿಂದ. ಮೊದಲೇ ಚಾವಣಿ ಮೇಲೆ ಬಿಟ್ಟರೆ ಎಲ್ಲ ಕಡೆ ನೆನೆದು, ಯಾವುದು ಎಲ್ಲಿಂದ ಬಂತು ಅಂತ ತಿಳಿಯೋದೇ ಇಲ್ಲ.

ಬಾಗಿಲಿಗೆ ಬಿಟ್ಟಾಗ ಒಳಗಿನ ಹಲಗೆಯ ಅಂಚಿನಲ್ಲಿ ಹನಿ ಕಟ್ಟಿತು. ಬಾಗಿಲೊಳಗೆ ನೀರು ಇಳಿಯುವುದು ಸಹಜವೇ. ಗಾಜಿನ ಪಕ್ಕದಿಂದ ಇಳಿದು ಕೆಳಗಿನ ತೂತಿನಿಂದ ಆಚೆ ಹೋಗುತ್ತದೆ. ಆ ನೀರು ಒಳಗೆ ಬಾರದಂತೆ ಹಲಗೆಯ ಹಿಂದೆ ಒಂದು ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ. ನಮ್ಮದರಲ್ಲಿ ಯಾರೋ ಗಾಜು ಏರಿಸುವ ಮಷಿನ್ ರಿಪೇರಿಗೆ ಅದನ್ನು ಹರಿದು ಹಾಗೇ ಬಿಟ್ಟಿದ್ದರು. ದಪ್ಪ ಪ್ಲಾಸ್ಟಿಕ್ ಕತ್ತರಿಸಿ ಬ್ಯುಟೈಲ್ ಅನ್ನುವ ಮೆತ್ತನೆ ರಬ್ಬರ್ ಟೇಪಿನಲ್ಲಿ ಅಂಟಿಸಿದೆ. ವೈಪರ್ ಕೆಳಗಿನ ಜಾಲರಿಯೊಳಗೆ ಹಲಸಿನ ಎಲೆ ಕೊಳೆತು ಗೊಬ್ಬರವಾಗಿತ್ತು, ಕೈ ಹಾಕಿ ತೆಗೆದೆ.

ಇಷ್ಟಾದರೂ ದೊಡ್ಡ ಸೋರಿಕೆ ಸಿಕ್ಕಿರಲಿಲ್ಲ. ಕೊನೆಗೆ ಚಾವಣಿ ಅಂಚಿನ ಕಾಲುವೆಗೆ ನೀರು ಬಿಟ್ಟಾಗ ಒಳಗಿಂದ ಕೂಗು: "ಚಿಕ್ಕಪ್ಪಯ್ಯ, ಬಂತು! ಫ್ಯೂಸ್ ಡಬ್ಬದ ಮೇಲೇ ಬರ್ತಾ ಇದೆ!"

ಪೌಡರಿನಲ್ಲಿ ಬೆರಳಗಲದ ಗೆರೆ. ಅದನ್ನು ಹಿಡಿದು ಹೋಗಿ ಮುಂದಿನ ಗಾಜಿನ ಪಕ್ಕದ ಕಂಬದ ಪ್ಲಾಸ್ಟಿಕ್ ಕಳಚಿದೆ. ಚಾವಣಿಯಿಂದ ನೀರು ವೈರಿನ ಕಟ್ಟು ಹಿಡಿದು ನೇರ ಫ್ಯೂಸ್ ಡಬ್ಬಕ್ಕೆ. ಇಂಡಿಕೇಟರ್ ಹಾಕಿದರೆ ಹಾರ್ನ್ ಕೊರಗುತ್ತಿದ್ದ ರಹಸ್ಯವೂ ಅಲ್ಲೇ ಬಯಲಾಯಿತು. ಹೊರಗೆ ಏಣಿ ಹಾಕಿ ನೋಡಿದೆ. ಅಡಿಕೆ ಮರಕ್ಕೆ ಔಷಧಿ ಹೊಡೆಯುವ ಉದ್ದನೆಯ ಫೈಬರ್ ದೋಟಿ ಸಾಗಿಸಲು ಕಟ್ಟಿಸಿದ ಕ್ಯಾರಿಯರ್‌ನ ಕಾಲು ಕೂತಿರುವುದು ಅದೇ ಕಾಲುವೆಯಲ್ಲಿ. ಕೆಟ್ಟ ರಸ್ತೆಯಲ್ಲಿ ಅದು ಅಲ್ಲಾಡಿ ಅಲ್ಲಾಡಿ ತಗಡಿನ ಜೋಡಣೆಗೆ ತುಂಬಿದ ಸೀಲರ್ ಕೂದಲೆಳೆಯಷ್ಟು ಬಿರಿದಿತ್ತು. ಉಗುರು ಹಾಕಿದರೆ ಹಕ್ಕಳೆಯಂತೆ ಎದ್ದುಬಂತು, ಕೆಳಗೆ ಕೆಂಪು ತುಕ್ಕು.

ಕ್ಯಾರಿಯರ್ ಬಿಚ್ಚಿ, ಹಳೆ ಸೀಲರ್ ಕೆರೆದು, ತಂತಿ ಬ್ರಷ್ಷು, ಎಮರಿ ಪೇಪರು, ತುಕ್ಕು ತಡೆಯುವ ರೆಡ್ ಆಕ್ಸೈಡ್ ಪೇಂಟು. ಅದು ಪೂರ್ತಿ ಒಣಗಿದ ಮೇಲೆ ಗಾಡಿ ತಗಡಿಗೆಂದೇ ಬರುವ ಪಾಲಿಯುರೆಥೇನ್ ಸೀಲರ್ ಎಳೆದು, ಸೋಪು ನೀರಲ್ಲಿ ಅದ್ದಿದ ಬೆರಳಿಂದ ಸವರಿದೆ. ಫ್ಯೂಸುಗಳನ್ನು ಕಿತ್ತು ಹಸಿರು ಕಿಲುಬು ಉಜ್ಜಿ ಮತ್ತೆ ಕೂರಿಸಿದೆ. ಸ್ಪಂಜು ಮತ್ತೆ ಹಾಕಲಿಲ್ಲ. ಬರೀ ರಬ್ಬರ್ ಮ್ಯಾಟು. ಸದ್ದು ಸ್ವಲ್ಪ ಜಾಸ್ತಿ, ಆದರೆ ನೀರು ಬಂದರೆ ಕೂಡಲೇ ಕಾಣುತ್ತದೆ.

ಕ್ಯಾರಿಯರ್‌ಗೆ ಈಗ ಹಿಂದಿನ ತೊಟ್ಟಿಯಿಂದಲೇ ಕಾಲು ಕೊಡಿಸಬೇಕು. ವೆಲ್ಡಿಂಗಿನವರು ಕರೆಂಟ್ ಬಂದ ದಿನ ಬನ್ನಿ ಅಂದಿದ್ದಾರೆ. ಈ ಮಳೆಗಾಲದಲ್ಲಿ ಅದು ಯಾವ ದಿನವೋ.