ಡೋರ್ನಾಖ್ ಗುಡ್ಡದ ಮೇಲಿನ ಮನೆ

ಸ್ವಿಟ್ಜರ್ಲೆಂಡಿನ ಬಾಸೆಲ್‌ನಿಂದ ಹತ್ತನೇ ನಂಬರ್ ಟ್ರಾಮ್ ಹತ್ತಿ ಡೋರ್ನಾಖ್‌ನಲ್ಲಿ ಇಳಿದ್ರೆ ಗುಡ್ಡದ ಮೇಲೆ ಒಂದು ಭಾರೀ ಕಾಂಕ್ರೀಟ್ ಕಟ್ಟಡ ಕಾಣುತ್ತೆ, ಗೋಡೆ, ಮಾಡು ಎಲ್ಲಾ ಬಾಗಿ ಬಳುಕಿಕೊಂಡಿರುತ್ತೆ. ಜರ್ಮನ್ ಕವಿ ಗಯಟೆ ಹೆಸರಿನ ಗಯಟೆಯಾನಮ್ ಅದು, ಆಸ್ಟ್ರಿಯಾದ ಚಿಂತಕ ರುಡಾಲ್ಫ್ ಸ್ಟೈನರ್ ಶುರುಮಾಡಿದ ಆಂಥ್ರೊಪಾಸಫಿ ಅನ್ನೋ ಅಧ್ಯಾತ್ಮ ಪಂಥದ ಹೆಡ್ಡಾಫೀಸು. ಮೊದಲು ಮರದಲ್ಲಿ ಕಟ್ಟಿದ್ರು, 1922ರ ಡಿಸೆಂಬರ್ 31ರ ರಾತ್ರಿ ಬೆಂಕಿ ಬಿದ್ದು ಸುಟ್ಟುಹೋಯ್ತು. ಈಗಿರೋದು ತೆರೆದಿದ್ದು 1928ರಲ್ಲಿ, ಅಷ್ಟೊತ್ತಿಗೆ ಸ್ಟೈನರ್ ತೀರಿಕೊಂಡಿದ್ರು.

ನಮ್ ಕಡೆ ನಂಟೂ ಇದೆ ನೋಡಿ. ಸ್ಟೈನರ್ ಮೊದ್ಲು ಥಿಯಾಸಫಿಕಲ್ ಸೊಸೈಟಿ ಅನ್ನೋ ಅಧ್ಯಾತ್ಮ ಸಂಸ್ಥೆಯ ಜರ್ಮನ್ ಶಾಖೆ ನೋಡ್ಕೊತಿದ್ರು, ಚೆನ್ನೈನ ಅಡ್ಯಾರ್‌ನಲ್ಲಿ ಸೊಸೈಟಿಯ ಅಧ್ಯಕ್ಷೆ ಆನಿ ಬೆಸೆಂಟ್ ಅವ್ರು ಹುಡುಗ ಜಿಡ್ಡು ಕೃಷ್ಣಮೂರ್ತಿನ ಜಗದ್ಗುರು ಮಾಡೋಕೆ ಹೊರಟಾಗ ಒಪ್ಪದೆ 1912-13ರಲ್ಲಿ ಬೇರೆಯಾದ್ರು. ತಮಾಷೆ ಅಂದ್ರೆ 1929ರಲ್ಲಿ ಕೃಷ್ಣಮೂರ್ತಿನೇ ಆ ಪಟ್ಟ ಬೇಡ ಅಂದ್ಬಿಟ್ರು!

ಸ್ಟೈನರ್ ಹೇಳಿದ ಅಭ್ಯಾಸಗಳಲ್ಲಿ ಒಂದು ನಂಗೆ ಇಷ್ಟ. ದಿನಾ ಐದು ನಿಮಿಷ ಪೆನ್ಸಿಲ್ಲೋ ಗುಂಡುಸೂಜಿಯೋ, ಇಂಥ ಸಾದಾ ವಸ್ತು ಬಗ್ಗೆ ಮಾತ್ರ ಯೋಚಿಸ್ಬೇಕು, ಮರ ಎಲ್ಲಿಂದ ಬಂತು, ಕಡ್ಡಿ ಒಳಗೆ ಹೇಗೆ ಹೋಯ್ತು, ಹೀಗೆ. ಎರಡನೇ ನಿಮಿಷಕ್ಕೆ ನನ್ ತಲೆ ಇಲ್ಲಿನ ವಾಸದ ಪರ್ಮಿಟ್ ರಿನ್ಯೂವಲ್ ಕಡೆ ಓಡಿರುತ್ತೆ. ಇನ್ನೊಂದು, ಸುಖದುಃಖದಲ್ಲಿ ಸಮಚಿತ್ತ, ಗೀತೆ ಕೇಳಿ ಬೆಳೆದೋರಿಗೆ ಹೊಸದೇನಲ್ಲ ಬಿಡಿ.

ಆದ್ರೆ ಇವ್ರು ಒಳಗಿನ ಬದುಕು, ಶಾಂತಿ ಅಂತ ಭಾಷಣ ಬಿಗಿದು ಸುಮ್ನಾಗ್ಲಿಲ್ಲ. ಮೊದಲ ಮಹಾಯುದ್ಧ ಮುಗಿದ ಮರುವರ್ಷ, 1919ರಲ್ಲಿ ಸ್ಟುಟ್‌ಗಾರ್ಟ್‌ನ ಸಿಗರೇಟ್ ಫ್ಯಾಕ್ಟರಿ ಕೆಲಸಗಾರರ ಮಕ್ಕಳಿಗೆ ಸ್ಕೂಲ್ ತೆಗೆದ್ರು, ಇವತ್ತಿನ ವಾಲ್ಡಾರ್ಫ್ ಸ್ಕೂಲುಗಳ ಮೂಲ ಅದೇ. 1924ರಲ್ಲಿ ಬೇಸಾಯದ ಬಗ್ಗೆ ಉಪನ್ಯಾಸ ಕೊಟ್ರು. ಅದ್ರ ಪ್ರಕಾರ ಹಸುವಿನ ಕೊಂಬಿಗೆ ಸಗಣಿ ತುಂಬಿ ಚಳಿಗಾಲ ಪೂರ್ತಿ ಮಣ್ಣಲ್ಲಿ ಹೂತಿಟ್ಟು, ಆಮೇಲೆ ತೆಗೆದು ನೀರಿಗೆ ಹಾಕಿ, ಸುಳಿ ಏಳೋ ಹಾಗೆ ಒಮ್ಮೆ ಬಲಕ್ಕೆ ಒಮ್ಮೆ ಎಡಕ್ಕೆ ಒಂದು ಗಂಟೆ ತಿರುವಿ ಹೊಲಕ್ಕೆ ಚಿಮುಕಿಸ್ತಾರೆ. ಫೋನಲ್ಲಿ ಅಮ್ಮಂಗೆ ಹೇಳಿದ್ರೆ "ಕೊಂಬು ಯಾಕೋ, ಬರೀ ಸಗಣಿ ಸಾಲ್ದಾ?" ಅಂದ್ರು.

ಕೊಂಬಿನ ಮಹಿಮೆ ನಾನೂ ನಂಬಲ್ಲ. ಅದಕ್ಕಿಂತ ಕಷ್ಟ ಆಗೋದು ಸ್ಟೈನರ್ ಅವರ ಕೆಲವು ಮಾತು, ಜನಾಂಗಗಳನ್ನ ಮೇಲು ಕೀಳು ಅಂತ ಸಾಲಾಗಿ ನಿಲ್ಸಿದ್ದಾರೆ, ಓದಿದ್ರೆ ಮೈ ಉರಿಯುತ್ತೆ. ಮೆಂಬರ್ ಆಗ್ತೀಯಾ ಅಂತ ಯಾರಾದ್ರೂ ಕೇಳಿದ್ರೆ ಇಲ್ಲ ಅಂತೀನಿ. ಇವರ ಪದ್ಧತಿಯಲ್ಲಿ ಸಾಕಿದ ಹಸುಗಳ ಡೆಮೆಟರ್ ಮಾರ್ಕಿನ ಹಾಲು ಮಾತ್ರ ತರ್ತೀನಿ, ಮೊಸರು ಗಟ್ಟಿಯಾಗಿ ಹೆಪ್ಪಾಗುತ್ತೆ.