‘ಇಷ್ಟು ಕೆಲಸದಾಗ ಪ್ರಾರ್ಥನೆಗೆ ಟೈಮ್ ಹೆಂಗ ಸಿಗತೈತ್ರಿ?’

ತಿಂಗಳಿಗೆ ಒಬ್ಬರಾದರೂ ಇದನ್ನು ಕೇಳುತ್ತಾರೆ. ನಾನು ಹುಬ್ಬಳ್ಳಿಯಲ್ಲಿ ಟ್ಯಾಕ್ಸ್ ಕೆಲಸ ಮಾಡುವವಳು. ಕೊಪ್ಪಿಕರ್ ರಸ್ತೆ ಹತ್ತಿರ, ಮಹಡಿ ಮೇಲೆ ಪುಟ್ಟ ಆಫೀಸು. ಇಬ್ಬರು ಹುಡುಗರು, ಒಂದು ಪ್ರಿಂಟರ್. ಗೋಡೆಗೆ ಶಿಲುಬೆ, ಅದರ ಪಕ್ಕ ಕ್ಯಾಲೆಂಡರ್. ಕ್ಯಾಲೆಂಡರಿನಲ್ಲಿ ಪ್ರತಿ ತಿಂಗಳ 11ಕ್ಕೂ 20ಕ್ಕೂ ಕೆಂಪು ಸುತ್ತು, ಜಿಎಸ್‌ಟಿ ರಿಟರ್ನಿನ ಕಡೇ ದಿನಗಳು.

ಪ್ರಶ್ನೆ ಒಂದೇ ಆದರೂ ಕೇಳುವವರು ಎರಡು ಥರ. ಚರ್ಚಿನವರು ಸ್ವಲ್ಪ ತಪ್ಪಿತಸ್ಥರ ಹಾಗೆ ಕೇಳುತ್ತಾರೆ: ‘ನಮಗ ಭಾನುವಾರದ ಪೂಜೆನ ಸಾಕಾಗತೈತ್ರಿ, ನಿಮಗ ದಿನಾ ಹೆಂಗ ಆಗತೈತಿ?’ ಅಂಗಡಿಯವರದು ವ್ಯಾಪಾರಿ ಕುತೂಹಲ. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರು ನೇರವಾಗಿಯೇ ಕೇಳಿದರು: ‘ಮೇಡಂ, ಪ್ರಾರ್ಥನೆ ಮಾಡಿದ್ರ ಕೆಲಸ ಲಗೂ ಆಗತೈತೇನ್ರಿ?’

ಆಗೋದಿಲ್ಲ. ಪ್ರಾರ್ಥನೆ ಶುರು ಮಾಡಿದ ಮೇಲೆ ದಿನಕ್ಕೆ ಮುಗಿಯುವ ಕೆಲಸ ಒಂದು ಫೈಲಿನಷ್ಟೂ ಜಾಸ್ತಿಯಾಗಿಲ್ಲ. ಕೈ ನಿಲ್ಲಿಸುವುದು ಮಾತ್ರ ಕಲಿತೆ. ಅದೂ ಅರ್ಧಂಬರ್ಧ.

ನಮ್ಮ ಅಜ್ಜ ಇಲ್ಲಿನ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದರು. ನಮ್ಮಂಥ ಎಷ್ಟೋ ಕ್ಯಾಥೊಲಿಕ್ ಮನೆಗಳು ಈ ಊರಿಗೆ ಬಂದದ್ದೇ ರೈಲ್ವೆ ಹಿಡಿದು. (‘ನೀವು ಬಾಸೆಲ್ ಮಿಷನ್ನವರಾ?’ ಎಂದು ಕೇಳುವವರು ಇನ್ನೂ ಇದ್ದಾರೆ. ಅವರು ಪ್ರಾಟೆಸ್ಟೆಂಟರು, ಹುಬ್ಬಳ್ಳಿ-ಧಾರವಾಡಕ್ಕೆ 1830ರ ದಶಕದಲ್ಲೇ ಬಂದವರು. ನಾವು ಬೇರೆ.) ಅಜ್ಜನ ದಿನವನ್ನು ಎರಡು ಸದ್ದು ನಡೆಸುತ್ತಿದ್ದವು. ಸೈರನ್ ಆದರೆ ಕೆಲಸ, ಗಂಟೆ ಆದರೆ ಪ್ರಾರ್ಥನೆ. ಬೆಳಿಗ್ಗೆ 6, ಮಧ್ಯಾಹ್ನ 12, ಸಂಜೆ 6ರ ತ್ರಿಕಾಲ ಪ್ರಾರ್ಥನೆ. ದೇವದೂತ ಮರಿಯಮ್ಮನಿಗೆ ಸುದ್ದಿ ತಂದದ್ದನ್ನು ನೆನೆದು ಮೂರು ‘ನಮೋ ಮರಿಯಾ’ ಹೇಳುವುದು. ಎರಡು ನಿಮಿಷ ಕೂಡ ಹಿಡಿಯುವುದಿಲ್ಲ.

ನನಗೆ ಸೈರನ್ ಇಲ್ಲ. ಚರ್ಚಿನ ಗಂಟೆ ನಮ್ಮ ಮಹಡಿಗೆ ಬರುವಷ್ಟರಲ್ಲಿ ಆಟೋ ಹಾರ್ನಿನಲ್ಲಿ ಮುಳುಗಿರುತ್ತದೆ. ಅದಕ್ಕೆ ಮೊಬೈಲಿನಲ್ಲಿ 12ಕ್ಕೆ ಅಲಾರಂ ಇಟ್ಟೆ. ಮೊದಲ ವಾರ ಏನಾಯಿತು ಗೊತ್ತಾ? ಅಲಾರಂ ಹೊಡೆಯಿತು, ‘ಒಂದು ನಿಮಿಷ, ಈ ಟೋಟಲ್ ಆಗಲಿ’ ಅಂದೆ. ಟೋಟಲ್ ಆಯಿತು, ಐದು ರೂಪಾಯಿ ತಾಳೆಯಾಗಲಿಲ್ಲ. ಆ ಐದು ರೂಪಾಯಿ ಹುಡುಕುತ್ತಾ ಕೂತವಳು ತಲೆ ಎತ್ತಿದಾಗ ಒಂದೂವರೆ. ಆರು ದಿನದಲ್ಲಿ ಐದು ದಿನ ಇದೇ ಕತೆ.

ಆರನೇ ಶತಮಾನದಲ್ಲಿ ಇಟಲಿಯ ಸಂತ ಬೆನೆಡಿಕ್ಟರು ತಮ್ಮ ಮಠದವರಿಗೆ ಬರೆದ ನಿಯಮದಲ್ಲಿ ಈ ವಿಷಯಕ್ಕೆ ಯಾವ ರಿಯಾಯಿತಿಯೂ ಇಲ್ಲ. ಪ್ರಾರ್ಥನೆಯ ಕರೆ ಕೇಳಿದ ಕೂಡಲೇ ಕೈಯಲ್ಲಿ ಏನಿದ್ದರೂ ಬಿಟ್ಟು ಬರಬೇಕು. ಅವರಿಗೂ ಮೊದಲು, ಐದನೇ ಶತಮಾನದ ಕ್ಯಾಸಿಯನ್ ಎಂಬುವರು ಈಜಿಪ್ಟಿನ ಸನ್ಯಾಸಿಗಳ ಬಗ್ಗೆ ಬರೆದಿಟ್ಟಿದ್ದಾರೆ: ಬಾಗಿಲು ತಟ್ಟಿದ ಸದ್ದಾದರೆ, ಬರೆಯುತ್ತಾ ಕೂತವನು ಕೈಯಲ್ಲಿದ್ದ ಅಕ್ಷರವನ್ನೂ ಮುಗಿಸುತ್ತಿರಲಿಲ್ಲವಂತೆ. ಓದಿ ನಗು ಬಂತು. ಕನ್ನಡದಲ್ಲಾಗಿದ್ದರೆ ಒತ್ತಕ್ಷರ ಕೊಡದೆ ಎದ್ದು ಹೋಗಿರುತ್ತಿದ್ದ, ಅಲ್ವಾ? ಈಗ 12ಕ್ಕೆ ನಾನೂ ಟೋಟಲ್ ನೋಡದೆ ಕೀಬೋರ್ಡಿನಿಂದ ಕೈ ತೆಗೆಯುತ್ತೇನೆ. ಆ ಐದು ರೂಪಾಯಿ ಎಲ್ಲೂ ಓಡಿಹೋಗುವುದಿಲ್ಲ. ವಾಪಸ್ ಬಂದು ನೋಡಿದರೆ ಎಷ್ಟೋ ಸಲ ಕಣ್ಣೆದುರಿಗೇ ಇರುತ್ತದೆ. ಪ್ರತಿಸಲ ಅಲ್ಲ.

ಇದನ್ನೆಲ್ಲ ನಮ್ಮ ಬೀದಿಯ ನಿವೃತ್ತ ಮೇಷ್ಟ್ರಿಗೆ ಹೇಳಿದಾಗ ಅವರು ಒಪ್ಪಲಿಲ್ಲ. ‘ನಮ್ಮ ಆಯ್ದಕ್ಕಿ ಮಾರಯ್ಯ ಹೇಳಿದ್ದು ಇದಕ್ಕ ಉಲ್ಟಾ ಐತಲ್ಲವಾ’ ಅಂದರು. ಹೌದು. ಕಾಯಕದಲ್ಲಿ ತೊಡಗಿದ್ದಾಗ ಗುರು ಎದುರಿಗೆ ಬಂದರೂ ಮರೆಯಬೇಕು, ಲಿಂಗಪೂಜೆಯನ್ನೂ ಮರೆಯಬೇಕು, ಕಾಯಕವೇ ಕೈಲಾಸ ಎಂದವನು ಮಾರಯ್ಯ. ಬೆನೆಡಿಕ್ಟರು ಕೆಲಸ ಬಿಟ್ಟು ಬಾ ಅನ್ನುತ್ತಾರೆ. ‘ಎರಡೂ ಒಂದೇ’ ಎಂದು ತೇಲಿಸಿಬಿಡಬಹುದು, ನಮ್ಮ ಊರಲ್ಲಿ ಸಮಾರಂಭದ ಭಾಷಣಗಳಲ್ಲಿ ಹಾಗೇ ಮಾಡುತ್ತಾರೆ. ನನಗೆ ಎರಡೂ ಒಂದೇ ಅನ್ನಿಸುವುದಿಲ್ಲ.

ಆಮೇಲೆ ಮಾರಯ್ಯನ ಕತೆಯ ಇನ್ನೊಂದು ಅರ್ಧ ನೆನಪಾಯಿತು. ಕಲ್ಯಾಣದಲ್ಲಿ ಬಿದ್ದ ಅಕ್ಕಿ ಆಯ್ದು ತರುವುದು ಅವನ ಕಾಯಕ. ಒಂದು ದಿನ ದಿನದ ಅಳತೆಗಿಂತ ಜಾಸ್ತಿ ತಂದ. ಹೆಂಡತಿ ಲಕ್ಕಮ್ಮ ನೋಡಿದವಳೇ, ಇಷ್ಟು ಅಕ್ಕಿಯ ಆಸೆ ನಿಮಗ್ಯಾಕೆ, ಹೋಗಿ ಅಲ್ಲೇ ಸುರಿದು ಬನ್ನಿ ಎಂದು ವಾಪಸ್ ಕಳಿಸಿದಳು. ಮಾರಯ್ಯನಿಗೆ ಗಂಟೆ ಬೇಕಿರಲಿಲ್ಲ, ಮನೆಯಲ್ಲಿ ಲಕ್ಕಮ್ಮ ಇದ್ದಳು. ನನ್ನ ಲ್ಯಾಪ್‌ಟಾಪು ಸಾಕು ಅನ್ನುವುದಿಲ್ಲ. ರಾತ್ರಿ ಎರಡಕ್ಕೂ ಜಿಎಸ್‌ಟಿ ಪೋರ್ಟಲ್ ತೆರೆದೇ ಇರುತ್ತದೆ. ಅದಕ್ಕೆ ನನಗೆ 12ರ ಅಲಾರಂ ಬೇಕು. ಮೇಷ್ಟ್ರು ಇದಕ್ಕೂ ಪೂರ್ತಿ ಒಪ್ಪಲಿಲ್ಲ, ಆದರೆ ಚಹಾ ಕುಡಿಸಿದರು. ಆ ವರ್ಷ ನಾನು ಹೊಸ ಗಿರಾಕಿಗಳನ್ನು ತೆಗೆದುಕೊಳ್ಳುವುದು ನಿಲ್ಲಿಸಿದೆ. ಅದು ಲಕ್ಕಮ್ಮನ ಪ್ರಭಾವವೋ ಬೆನೆಡಿಕ್ಟರದೋ ಹೇಳಲಾರೆ.

12ರ ಅಲಾರಂ ನನ್ನ ಮೊದಲ ಅಭ್ಯಾಸ. ಎರಡನೆಯದು, ಗೆರೆ ಪುಸ್ತಕ. ಇದು ನನಗೆ ತುಂಬಾ ಇಷ್ಟ, ಯಾಕೆಂದರೆ ಇದು ಲೆಕ್ಕದವರ ಪ್ರಾರ್ಥನೆ. ಯೇಸುಸಭೆ ಕಟ್ಟಿದ ಸಂತ ಇಗ್ನೇಷಿಯಸ್ ಲೊಯೋಲಾ ಸುಮಾರು 500 ವರ್ಷದ ಹಿಂದೆ ಹೇಳಿಕೊಟ್ಟ ಪದ್ಧತಿ. ಬಿಡಬೇಕೆಂದಿರುವ ಒಂದೇ ಒಂದು ತಪ್ಪು ಆರಿಸಿಕೊಳ್ಳಬೇಕು. ದಿನಕ್ಕೆ ಎರಡು ಗೆರೆ: ಒಂದು ಮಧ್ಯಾಹ್ನದವರೆಗೆ, ಇನ್ನೊಂದು ರಾತ್ರಿ ಊಟದವರೆಗೆ. ಎಷ್ಟು ಸಲ ಜಾರಿದೆವೋ ಗೆರೆಯ ಮೇಲೆ ಅಷ್ಟು ಚುಕ್ಕಿ. ಮೊದಲ ಗೆರೆಗೆ ಎರಡನೆಯದನ್ನು ಹೋಲಿಸಬೇಕು, ನಿನ್ನೆಗೆ ಇವತ್ತನ್ನು, ಹೋದ ವಾರಕ್ಕೆ ಈ ವಾರವನ್ನು. ಇದು ನಮ್ಮ ರೋಜು ಕಿರ್ದಿ ಅಲ್ಲದೆ ಮತ್ತೇನು? ಖರ್ಚಿನ ಕಡೆ ಮಾತ್ರ ಬರೆಯುವ ಕಿರ್ದಿ. ಇನ್ನೊಂದು ಸಣ್ಣ ಉಪಾಯವನ್ನೂ ಅವರೇ ಹೇಳಿದ್ದಾರೆ: ತಪ್ಪಿದ ಕ್ಷಣವೇ ಎದೆ ಮೇಲೆ ಕೈ ಇಟ್ಟುಕೊಳ್ಳುವುದು. ನಾಲ್ಕು ಜನರ ನಡುವೆ ಮಾಡಿದರೂ ಯಾರಿಗೂ ಗೊತ್ತಾಗುವುದಿಲ್ಲ.

ನಾನು ಆರಿಸಿಕೊಂಡ ತಪ್ಪು: ಎದುರಿಗೆ ಕೂತವರು ಮಾತಾಡುವಾಗ ಮೊಬೈಲ್ ನೋಡುವುದು. ಮೊದಲ ದಿನ, ಮೊದಲ ಗೆರೆ, ಹನ್ನೊಂದು ಚುಕ್ಕಿ. ಒಬ್ಬರ ಎದುರೇ ನಾಲ್ಕು. ಪಾಪ, ಅವರು ಮಗಳ ಮದುವೆ ಸಾಲದ ವಿಷಯ ಹೇಳುತ್ತಿದ್ದರು. ಒಂದೂವರೆ ತಿಂಗಳಾದ ಮೇಲೆ ಎರಡು-ಮೂರಕ್ಕೆ ಇಳಿಯಿತು. ಸೊನ್ನೆ ಇವತ್ತಿಗೂ ಆಗಿಲ್ಲ. ಈಗ ಗೆರೆಯಲ್ಲಿರುವುದು ಬೇರೆ ತಪ್ಪು: ಬೇಜಾರಿನ ಕೆಲಸ ನಾಳೆಗೆ ತಳ್ಳುವುದು.

ಲೆಕ್ಕ ಇಡುವುದರಲ್ಲಿ ಒಂದು ಗುಂಡಿಯೂ ಇದೆ, ನಾನೇ ಬಿದ್ದಿದ್ದೇನೆ. ಜಪಸರಕ್ಕೆಂದು ಮೊಬೈಲಿನಲ್ಲಿ ಒಂದು ಆ್ಯಪ್ ಹಾಕಿಕೊಂಡಿದ್ದೆ. ದಿನಾ ಟಿಕ್ ಹಾಕಿದರೆ ಸರಪಳಿ ಬೆಳೆಯುತ್ತದೆ, ಒಂದು ದಿನ ತಪ್ಪಿದರೆ ಸೊನ್ನೆಯಿಂದ ಶುರು. 63 ದಿನ ಆಗಿತ್ತು. ಅವತ್ತು ಅತ್ತೆಗೆ ಉಸಿರಾಟದ ತೊಂದರೆಯಾಗಿ ಆಸ್ಪತ್ರೆಗೆ ಸೇರಿಸಿದ್ದೆವು. ರಾತ್ರಿ 11.40. ಅತ್ತೆ ನೀರು ಕೇಳಿದರು. ನಾನು ಬೆರಳಿನಲ್ಲಿ ಮಣಿ ಓಡಿಸುತ್ತಾ, ಗಡಿಯಾರ ನೋಡುತ್ತಾ, ‘ಬಂದೆ ಅತ್ತೆ, ಎರಡೇ ನಿಮಿಷ’ ಅಂದೆ. 64 ಆಯಿತು. ಮನೆಗೆ ಹೋಗುವ ದಾರಿಯಲ್ಲಿ ಆ್ಯಪ್ ತೆಗೆದುಹಾಕಿದೆ.

ಸಂಸಾರದವರ ಭಕ್ತಿಯ ಬಗ್ಗೆ ಸಂತ ಫ್ರಾನ್ಸಿಸ್ ದ ಸಾಲ್ 1609ರಲ್ಲೇ ಸರಿಯಾಗಿ ಹೇಳಿದ್ದರು: ಕಸುಬಿನವನು ಸನ್ಯಾಸಿಯ ಹಾಗೆ ಇಡೀ ದಿನ ಚರ್ಚಿನಲ್ಲಿ ಕೂತರೆ ಅದು ಭಕ್ತಿ ಅನ್ನಿಸಿಕೊಳ್ಳುವುದಿಲ್ಲ, ನಗೆಪಾಟಲು. ನನಗೂ ದಿನಾ ಬೆಳಿಗ್ಗೆ ಪೂಜೆಗೆ ಹೋಗಲು ಆಗುವುದಿಲ್ಲ. ವಾರದ ನಡುವೆ ಒಂದು ದಿನ, ಜೊತೆಗೆ ಭಾನುವಾರ. ಅಷ್ಟೇ. ಚರ್ಚಿನವರು ಅಂದುಕೊಂಡಿರುವುದಕ್ಕಿಂತ ಕಡಿಮೆ.

ಮಾರ್ಚ್ ತಿಂಗಳದ್ದೇ ಬೇರೆ ಕತೆ. ತಪಸ್ಸುಕಾಲವೂ (ಈಸ್ಟರಿಗೆ ಮೊದಲಿನ ಉಪವಾಸ-ಪ್ರಾರ್ಥನೆಯ ದಿನಗಳು) ಇಯರ್ ಎಂಡಿಂಗೂ ಹೆಚ್ಚುಕಡಿಮೆ ಜೋಡಿಯಾಗಿಯೇ ಬರುತ್ತವೆ. 2024ರಲ್ಲಂತೂ ಈಸ್ಟರ್ ಹಬ್ಬ ಬಿದ್ದದ್ದೇ ಮಾರ್ಚ್ 31ಕ್ಕೆ. ಶುಭ ಶುಕ್ರವಾರದಿಂದ ಭಾನುವಾರದವರೆಗೆ ಇನ್‌ಕಮ್ ಟ್ಯಾಕ್ಸ್ ಆಫೀಸುಗಳೂ ರಜೆ ಇಲ್ಲದೆ ತೆರೆದಿದ್ದವು. ಗದಗಿನಲ್ಲಿ ಪ್ರಿಂಟಿಂಗ್ ಪ್ರೆಸ್ ಇಟ್ಟಿರುವ ಕಾಕಾ ಒಬ್ಬರದು, ಹಿಂದೆ ಬಿಟ್ಟುಹೋದ ಆದಾಯವನ್ನು ತಡವಾಗಿ ತೋರಿಸುವ, ಅಪ್‌ಡೇಟೆಡ್ ರಿಟರ್ನ್ ಬಾಕಿ ಇತ್ತು. 2020-21ರ ಆದಾಯದ್ದು, ಅದಕ್ಕೂ ಆ 31ನೇ ತಾರೀಖೇ ಕೊನೆಯಾಗಿತ್ತು.

ಶನಿವಾರ ಸಂಜೆ ಫೈಲ್ ಮೇಜಿನ ಮೇಲೆ ಬಿಟ್ಟು ಈಸ್ಟರ್ ಜಾಗರಣೆಗೆ ಚರ್ಚಿಗೆ ಹೋದೆ. ಹೊರಗೆ ಅಂಗಳದಲ್ಲಿ ಬೆಂಕಿ ಹಾಕಿದ್ದರು. ಫಾದರ್ ಈಸ್ಟರಿನ ದೊಡ್ಡ ಪಾಸ್ಕ ಮೇಣದಬತ್ತಿ ಹಿಡಿದು, ಅದರ ಮೇಲೆ ಶಿಲುಬೆ ಗೀರಿ, ನಾಲ್ಕು ಮೂಲೆಗೆ ನಾಲ್ಕು ಅಂಕಿ ಗುರುತು ಮಾಡಿದರು. 2, 0, 2, 4. ಕಾಲವೆಲ್ಲ ಕ್ರಿಸ್ತನದು ಎಂದು ಅದಕ್ಕೊಂದು ಮಂತ್ರ ಇದೆ. ಚಿಕ್ಕವಳಿದ್ದಾಗಿನಿಂದ ನೋಡಿದ್ದೇನೆ. ಅವತ್ತು ಆ ಅಂಕಿ ನೋಡಿದ ಕೂಡಲೇ ತಲೆಯಲ್ಲಿ ಬಂದದ್ದು ‘2023-24’. ಮೇಣದ ಹನಿ ಕೈಗೆ ಬಿದ್ದು ಸುಟ್ಟಿತು, ಆಗ ಎಚ್ಚರವಾದೆ.

ಮರುದಿನ ಹಬ್ಬದ ಊಟ ಮುಗಿಸಿ ಮೂರಕ್ಕೆ ಆಫೀಸಿನ ಬೀಗ ತೆಗೆದೆ. ಕಾಕಾ ಮೆಟ್ಟಿಲ ಮೇಲೆ ಕೂತಿದ್ದರು, ಕೈಯಲ್ಲಿ ಪೇಡೆ ಡಬ್ಬಿ. ‘ನಿನ್ನ ಹಬ್ಬ ಕೆಡಿಸಿದ್ನೇನ ಯವ್ವಾ?’ ಅಂದರು. ‘ಇಲ್ರಿ ಕಾಕಾ, ಒಳಗ ಬರ್ರಿ’ ಅಂದೆ. ಚಲನ್ ಕಟ್ಟಿ, ರಿಟರ್ನ್ ಹಾಕಿ, ರಸೀದಿ ತೆಗೆಯುವ ಹೊತ್ತಿಗೆ ಐದು ದಾಟಿತ್ತು. ಇಬ್ಬರೂ ಎರಡೆರಡು ಪೇಡೆ ತಿಂದೆವು.

ಆ ಭಾನುವಾರದ ಗೆರೆಯ ಮೇಲೆ ಒಂದು ಚುಕ್ಕಿ ಇದೆ. ಕಾಕಾ ಆ ರಿಟರ್ನಿನ ಕಾಗದ ತಂದುಕೊಟ್ಟದ್ದು ಜನವರಿಯಲ್ಲಿ.