ಮಣ್ಣಿಗೆ ಬರಲಾಗದವಳು

ಅವ್ವ ತೀರಿಕೊಂಡು ಈ ದೀಪಾವಳಿಗೆ ಮೂರು ವರ್ಷ. ಮಣ್ಣಿಗೆ ನಾನಿರಲಿಲ್ಲ. ಇಲ್ಲಿ, ನಾರ್ತ್ ಕೆರೊಲಿನಾದ ಕ್ಯಾರಿಯಲ್ಲಿ, ಅಡುಗೆಮನೆಯಲ್ಲಿ ನಿಂತು ತಮ್ಮ ಹಿಡಿದ ಫೋನಿನಲ್ಲಿ ನೋಡಿದೆ. ಕೂರಿಸಿದ ಅವ್ವನ ಹಣೆ ತುಂಬ ವಿಭೂತಿ. ಅಷ್ಟರಲ್ಲಿ ನೆಟ್‌ವರ್ಕ್ ಹೋಯಿತು. ಯಾರದೋ ಮುಷ್ಟಿಯಲ್ಲಿದ್ದ ಮಣ್ಣು ಪರದೆ ಮೇಲೆ ಹಾಗೇ ನಿಂತುಬಿಟ್ಟಿತು. ಮರುದಿನ ಆಫೀಸಿನಲ್ಲಿ ಮೀಟಿಂಗ್ ಇತ್ತು. ಹೋಗಿ ಕೂತೆ.

ಇದನ್ನು ಬರೆಯುತ್ತೇನೆ ಅಂದುಕೊಂಡಿರಲಿಲ್ಲ. ಬರೆಸಿದ್ದು ಮಗಳ ಒಂದು ಪುಸ್ತಕ.

ಅವಳಿಗೆ ಹದಿನಾಲ್ಕು. ಮಾಟ-ಮಂತ್ರದ ದಪ್ಪ ಕಾದಂಬರಿಗಳನ್ನು ಊಟದ ತಟ್ಟೆ ಪಕ್ಕ ಇಟ್ಟುಕೊಂಡೇ ಓದುತ್ತಾಳೆ. ನನಗೆ ಅವು ಸೇರುವುದಿಲ್ಲ. ಅದರಲ್ಲಿ ಬರುವ ಹೆಸರು ನೆನಪಿಡುವುದರಲ್ಲೇ ಸುಸ್ತಾಗುತ್ತೇನೆ. ಟ್ರೇಸಿ ಡಿಯಾನ್ ಬರೆದ 'ಲೆಜೆಂಡ್‌ಬಾರ್ನ್' ಕೈಗೆತ್ತಿಕೊಂಡಿದ್ದು, ಕಥೆ ನಡೆಯುವ ಚಾಪೆಲ್ ಹಿಲ್ ನಮ್ಮ ಮನೆಯಿಂದ ಅರ್ಧ ಗಂಟೆ ದಾರಿ ಅನ್ನುವ ಒಂದೇ ಕಾರಣಕ್ಕೆ. 2020ರಲ್ಲಿ ಬಂದ ಪುಸ್ತಕ.

ಬ್ರೀ ಹದಿನಾರರ ಕಪ್ಪು ಹುಡುಗಿ. ತಾಯಿ ಕಾರು ಅಪಘಾತದಲ್ಲಿ ಸತ್ತು ಕೆಲವೇ ತಿಂಗಳಾಗಿದೆ, ಅಷ್ಟರಲ್ಲಿ ಅಲ್ಲಿಯ ಯೂನಿವರ್ಸಿಟಿಗೆ ಓದಲು ಬರುತ್ತಾಳೆ. ಮೊದಲ ರಾತ್ರಿಯೇ ನೋಡಬಾರದ್ದನ್ನು ನೋಡುತ್ತಾಳೆ. ಮಾಟಗಾರ ಹುಡುಗನೊಬ್ಬ ಅವಳ ನೆನಪು ಅಳಿಸಲು ಹೋಗುತ್ತಾನೆ, ಆಗುವುದಿಲ್ಲ. ಬದಲಿಗೆ ಹಳೆಯದೊಂದು ನೆನಪು ಎದ್ದು ಬರುತ್ತದೆ: ತಾಯಿ ಸತ್ತ ರಾತ್ರಿ ಆಸ್ಪತ್ರೆಯಲ್ಲೂ ಇಂಥವನೇ ಒಬ್ಬ ಇದ್ದ! ನಿಜ ಹುಡುಕಲು ಅವಳು ಒಂದು ಗುಪ್ತ ಕೂಟ ಸೇರುತ್ತಾಳೆ. ಆರ್ಥರ್ ರಾಜನ ದುಂಡುಮೇಜಿನ ವೀರರ ವಂಶ ತಮ್ಮದು ಅನ್ನುವವರ ಕೂಟ ಅದು. ಹೆಚ್ಚುಕಡಿಮೆ ಎಲ್ಲ ಬಿಳಿಯರು, ಹಣವಂತರು. ಹತ್ತು ತಲೆಮಾರಿನ ಹಿಂದಿನ ಅಜ್ಜನ ಹೆಸರನ್ನು ಪಟಪಟ ಹೇಳುವ ಜನ. ಇವಳ ಕಡೆ? ಗುಲಾಮರಾಗಿದ್ದವರ ವಂಶಾವಳಿ ಯಾರು ಬರೆದಿಟ್ಟಿರುತ್ತಾರೆ?

ಮಧ್ಯದ ಕಾದಾಟ ನನಗೆ ಉದ್ದವಾಯಿತು. ಪ್ರೇಮ ಪ್ರಕರಣವಂತೂ ಮಗಳಿಗೇ ಇರಲಿ. ಆದರೆ ಅವ್ವ ಹೋದಮೇಲಿನ ತನಗೆ ಬ್ರೀ 'ಆಫ್ಟರ್-ಬ್ರೀ' ಅಂತ ಬೇರೆಯೇ ಹೆಸರಿಟ್ಟು, ಒಳಗೆ ಗೋಡೆ ಕಟ್ಟಿ ಕೂಡಿಹಾಕಿರುತ್ತಾಳೆ. ಅದನ್ನು ಓದಿದ ರಾತ್ರಿ ಆ ಮೀಟಿಂಗ್ ನೆನಪಾಯಿತು. ದೀಪ ಆರಿಸಿ ಮಲಗಿದೆ, ನಿದ್ದೆ ಬರಲಿಲ್ಲ.

ಕೂಟದವರ ಮಾಟ ಒಂದು ಥರ, ಕಪ್ಪು ಹೆಂಗಸರದು ಇನ್ನೊಂದು ಥರ. ಇವರು ಶಕ್ತಿಯನ್ನು ಹಿರಿಯರ ಹತ್ತಿರ ಕೇಳಿ ಪಡೆಯುತ್ತಾರೆ, ಅದೂ ಸ್ವಲ್ಪ ಹೊತ್ತಿಗೆ ಕಡ ತಂದಂತೆ. ಮೊದಲು ಕಾಣಿಕೆ ಇಡಬೇಕು. ನಮ್ಮಲ್ಲಿ ಹಿರಿಯರಿಗೆ ಎಡೆ ಇಟ್ಟು ಕೈಮುಗಿಯುವುದು ಬೇರೇನು, ಅಲ್ವಾ? ಮಗಳಿಗೆ ಹಾಗಂದೆ. "ಹಾಗಾದರೆ ಅಜ್ಜಿಯ ಅಮ್ಮ ಎಲ್ಲಿದ್ದಾಳೆ?" ಅಂದಳು.

ಮರುದಿನ ಶನಿವಾರ. ಚಾಪೆಲ್ ಹಿಲ್‌ಗೆ ಹೋದೆವು. 1795ರಲ್ಲಿ ಪಾಠ ಶುರುವಾದ ಯೂನಿವರ್ಸಿಟಿ ಅದು. ಹಳೆಯ ಕಟ್ಟಡಗಳಲ್ಲಿ ಗುಲಾಮರ ಬೆವರಿದೆ. ಮರಗಳ ಕೆಳಗೆ ಒಂದು ಕಪ್ಪು ಕಲ್ಲಿನ ಮೇಜು. ಅದನ್ನು ಹೊತ್ತು ನಿಂತಿರುವುದು ಸಣ್ಣ ಸಣ್ಣ 300 ಕಂಚಿನ ಗೊಂಬೆಗಳು, ಎಲ್ಲವೂ ಕೈ ಮೇಲೆತ್ತಿವೆ. ಕಟ್ಟಿದವರ ನೆನಪಿಗೆ 2005ರಲ್ಲಿ ಇಟ್ಟಿದ್ದು. ಮೇಲೆ ಯಾರೋ ಕಾಫಿ ಇಟ್ಟುಹೋದ ದುಂಡನೆ ಕಲೆ. ಮಗಳು ತೋಳಿನಿಂದ ಒರೆಸಿದಳು. ಇದೇ ಅಂಗಳದಲ್ಲಿ 1913ರಿಂದ ಎತ್ತರದ ಕಟ್ಟೆ ಮೇಲೆ ಗುಲಾಮಗಿರಿ ಪರ ಕಾದಿದ ಸೈನ್ಯದ ಸಿಪಾಯಿಯೊಬ್ಬನ ಪ್ರತಿಮೆ ಇತ್ತು. 2018ರ ಆಗಸ್ಟ್‌ನಲ್ಲಿ ಜನ ಹಗ್ಗ ಹಾಕಿ ಎಳೆದು ಬೀಳಿಸಿದರು.

ಅಲ್ಲಿಂದ ಹಳೆಯ ಸ್ಮಶಾನ. ನಡುವೆ ಮೊಣಕಾಲೆತ್ತರದ ಕಲ್ಲಿನ ಗೋಡೆ. ಆ ಕಡೆ ಬಿಳಿಯರ ಹೆಸರು ಕೆತ್ತಿದ ಕಲ್ಲುಗಳು. ಈ ಕಡೆ ಬಹಳಷ್ಟು ಗೋರಿಗಳಿಗೆ ಹೆಸರೇ ಇಲ್ಲ. ಕೆಲವಕ್ಕೆ ಹೊಲದಿಂದ ತಂದು ನೆಟ್ಟಂಥ ಒರಟು ಕಲ್ಲು.

"ನಿಮ್ಮೂರಲ್ಲೂ ಗೋಡೆ ಇತ್ತಾ?" ಅಂದಳು.

ಅಲ್ಲಿಂದಲೇ ಬಾಗಲಕೋಟೆಗೆ ಫೋನ್ ಹಚ್ಚಿದೆ. ನವನಗರದಲ್ಲಿ ರಾತ್ರಿ ಹತ್ತಾಗಿತ್ತು. ಚಿಗವ್ವ ಎದ್ದೇ ಇದ್ದಳು. ಆಯಿ, ಅಂದರೆ ಅವ್ವನ ಅವ್ವನ ಬಗ್ಗೆ ಕೇಳಿದೆ.

"ಚಿಗವ್ವಾ, ಆಯಿನ್ನ ಮಣ್ಣು ಮಾಡಿದ್ದು ಎಲ್ಲಿ?"

"ಇದೇನವಾ ಈ ಹೊತ್ತಿನಾಗ? ಹಳೀ ಊರಾಗ. ಈಗೆಲ್ಲೈತಿ, ನೀರಾಗ ಹೋತು."

ಆಲಮಟ್ಟಿಯ ಹಿನ್ನೀರು. ಬೇರೆ ಊರಿನ ಮಕ್ಕಳು ಮಗ್ಗಿ ಕಲಿತರೆ ಬಾಗಲಕೋಟೆಯ ಮಕ್ಕಳು 519, 524 ಅಂತ ಅಣೆಕಟ್ಟಿನ ನೀರಿನ ಮಟ್ಟದ ಮೀಟರ್ ಲೆಕ್ಕ ಕಲಿಯುತ್ತಾರೆ. ಮನೆಗೆ ಪರಿಹಾರ ಬಂತು, ಹೊಲಕ್ಕೆ ಬಂತು. ಆಯಿಯ ಬಗ್ಗೆ ಯಾರೂ ಏನೂ ಕೇಳಲಿಲ್ಲ, ನಾವೂ ಹೇಳಲಿಲ್ಲ.

"ಗ್ವಾಡಿ ಇತ್ತೇನು ನಡುವ?"

"ಗ್ವಾಡಿ ಯಾಕ ಬೇಕು? ಜಾಗಾನ ಬ್ಯಾರೆ ಇದ್ದವಲ್ಲ. ನಮ್ದು ಬ್ಯಾರೆ, ಅವರ್ದು ಬ್ಯಾರೆ."

ಸ್ಪೀಕರ್ ಆನ್ ಇತ್ತು. ಮಗಳು ಅರ್ಧಂಬರ್ಧ ಕನ್ನಡದಲ್ಲಿ, "ಅವರು ಅಂದ್ರೆ ಯಾರು?" ಅಂತ ನನ್ನ ಮುಖ ನೋಡಿದಳು. ಇಲ್ಲಿಯ ಕಪ್ಪು ಜನರ ಬಗ್ಗೆ ಅವಳಿಗೆ ಪಾಠ ಹೇಳುತ್ತಿದ್ದವಳು ನಾನು. ತಕ್ಷಣ ಬಾಯಿಗೆ ಮಾತು ಬರಲಿಲ್ಲ. ಆಮೇಲೆ ಕಾರಿನಲ್ಲಿ ಹೇಳಿದೆ, ನಮ್ಮ ಓಣಿಗೆ ಬಂದು ಹೊಸ್ತಿಲಾಚೆಯೇ ನಿಂತು ಹೋಗುತ್ತಿದ್ದವರ ಬಗ್ಗೆ. ಮನೆ ಬರುವ ತನಕ ಹೇಳಿದರೂ ಮುಗಿಯಲಿಲ್ಲ.

ಫೋನ್ ಇಡುವ ಮುಂಚೆ ಚಿಗವ್ವ, "ಬ್ಯಾಸಗಿಗೆ ಬಾ, ನೀರು ಇಳಿದಿರ್ತೈತಿ, ಆ ಕಡೆ ಹೋಗಿ ನೋಡೂಣು. ನಿಮ್ಮವ್ವಂದು ಇಲ್ಲೇ ಐತಿ, ಒಂದು ಗಿಡಾ ಹಚ್ಚೇವಿ" ಅಂದಳು.

ಟಿಕೆಟ್ ನೋಡುತ್ತಿದ್ದೇನೆ. ಏಪ್ರಿಲ್‌ಗೆ ರೇಟು ಜಾಸ್ತಿ, ಮೇಗೆ ಇನ್ನೂ ಜಾಸ್ತಿ. ಮಗಳು ಎರಡನೇ ಭಾಗ ಹಿಡಿದು ಕೂತಿದ್ದಾಳೆ. ಅದೂ ದಪ್ಪಗೇ ಇದೆ.